ಬೋಳು ಮಗ್ಗುಲಿನ ಕಾಲಾಣೆ

ಮೊನ್ನೆ ನಮ್ಮ ಹೊಸ ಮನೆಗೆ ಬಾಗಿಲು ಕೂರಿಸುವ ಶಾಸ್ತ್ರವಿತ್ತು. ಹೊಸ ಮನೆ ಎಂದ ಕೂಡಲೇ ನೀವು ಏನೇನೋ ಊಹಿಸಿಕೊಳ್ಳಬೇಡಿ. ಕೊಳ್ಳೇಗಾಲದ ಅಂಚಿನಲ್ಲಿ, ಯಳಂದೂರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಎರಡು ಕೋಣೆ, ಒಂದು ಅಡುಗೆಮನೆ, ಇನ್ನೂ ಬಣ್ಣ ಕಾಣದ ಗೋಡೆ, ಅಷ್ಟೇ. ಜೀವಮಾನವಿಡೀ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದವನಿಗೆ ಇದೇ ಅರಮನೆ. ಬಾಗಿಲು ಮಾಡಿದ ಆಚಾರ್ರು ಯಳಂದೂರಿನವರು. ಹೊಸ್ತಿಲ ಮರದ ನಟ್ಟನಡುವೆ ಉಳಿಯಿಂದ ದುಂಡನೆಯ ಗುಳಿ ತೆಗೆದು, ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಕೈಗೆ ತೆಗೆದುಕೊಂಡು, "ಸಾ, ಒಂದು ಕಾಸು ಕೊಡಿ" ಎಂದರು. ಹೊಸ್ತಿಲಿಗೆ ಕಾಸು ಕೂರಿಸದೆ ಅವರು ಬಾಗಿಲು ನಿಲ್ಲಿಸುವವರಲ್ಲ.

ನಾನು ಜೇಬು ತಡಕಿದೆ. ಫೋನು ಸಿಕ್ಕಿತು, ಸ್ಕೂಟರಿನ ಕೀಲಿ ಸಿಕ್ಕಿತು, ಹಳೆಯ ಬಸ್ ಟಿಕೆಟ್ಟು ಸಿಕ್ಕಿತು, ಕಾಸು ಮಾತ್ರ ಸಿಗಲಿಲ್ಲ. ಕೊತ್ತಂಬರಿ ಕಟ್ಟಿಗೂ ಫೋನು ತೋರಿಸಿ ಬರುವ ಕಾಲ ಇದು, ನೀವೇ ಹೇಳಿ, ಯಾರ ಜೇಬಲ್ಲಿ ಚಿಲ್ಲರೆ ಇರುತ್ತದೆ? "ಸ್ಕ್ಯಾನ್ ಮಾಡ್ಲಾ ಆಚಾರ್ರೇ?" ಎಂದೆ. ಅವರು ನಕ್ಕು, "ಒಸ್ಲಿಗೆ ಸ್ಕ್ಯಾನ್ ಮಾಡಕಾಯ್ತದಾ ಸಾ?" ಎಂದರು. ಅಷ್ಟರಲ್ಲಿ ಬೇವಿನ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದ ನಮ್ಮವ್ವ, ಕಣ್ಣೂ ತೆರೆಯದೆ, "ಆ ಡಬ್ಬಿ ತಕಂಬಾ ಓಗು ಮಗ. ನಿಮ್ ದೊಡ್ಡಪ್ಪಂದು" ಎಂದಳು.

ಬಾಡಿಗೆ ಮನೆಗೆ ಹೋಗಿ, ಅಟ್ಟದ ಮೇಲಿನ ಡಬ್ಬಿ ಇಳಿಸಿ, ಮುಚ್ಚಳ ತೆಗೆದೆ. ಘಮ್ಮೆಂದು ಚಹಾಪುಡಿಯ ವಾಸನೆ ಬಂತು. ಡಬ್ಬಿಯಲ್ಲಿ ಚಹಾಪುಡಿ ಇಲ್ಲದೆ ಎಷ್ಟೋ ಕಾಲವಾಗಿದೆ, ದೊಡ್ಡಪ್ಪ ಇಲ್ಲದೆಯೂ ಕೆಲವು ವರ್ಷವಾಯಿತು, ವಾಸನೆಗೆ ಮಾತ್ರ ಇದ್ಯಾವುದೂ ತಿಳಿದಂತಿಲ್ಲ. ಆಚಾರ್ರು ಕಾಯುತ್ತಿದ್ದಾರೆ, ಮುಹೂರ್ತ ಮೀರುತ್ತದೆ ಎಂಬುದೆಲ್ಲ ಗೊತ್ತಿದ್ದೂ ನಾನು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟೆ.

ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಕೌದಳ್ಳಿಯಲ್ಲಿ ಹೋಟೆಲ್ ಇಟ್ಟಿದ್ದ. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ತಗಡಿನ ಮಾಡು, ಮುಂದೆ ಮಣ್ಣಿನ ಜಗಲಿ, ನಾಲ್ಕು ಬೆಂಚು. ಅಮಾವಾಸ್ಯೆ ಬಂತೆಂದರೆ ಬೆಟ್ಟಕ್ಕೆ ಹೋಗುವ ಪರಿಸೆಯೆಲ್ಲ ಅವನ ಜಗಲಿಯ ಮೇಲೆ ಬೆನ್ನು ಒರಗಿಸಿಯೇ ಮುಂದಕ್ಕೆ ಹೋಗಬೇಕು. ಗಡಿಯಾಚೆಯ ತಮಿಳರೂ ಬರುತ್ತಿದ್ದರು. ದೊಡ್ಡಪ್ಪನ ತಮಿಳು ಕೇಳಿ ಅವರು ನಗುತ್ತಿದ್ದರು, ಅವರ ಕನ್ನಡ ಕೇಳಿ ದೊಡ್ಡಪ್ಪ ನಗುತ್ತಿದ್ದ, ಚಹಾ ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಒಂದೇ ರುಚಿ. ಬೆಲ್ಲ ಹೆಚ್ಚು, ಹಾಲು ಕಮ್ಮಿ.

ಅವನಿಗೆ ಒಂದು ಹುಚ್ಚಿತ್ತು. ಟಂಕಸಾಲೆಯವರು ಮಾಡಿದ ತಪ್ಪು ಹುಡುಕುವ ಹುಚ್ಚು. ಜನ ಹಳೆಯ ಕಾಸು ಕೂಡಿಡುವುದನ್ನು ನೀವು ನೋಡಿರುತ್ತೀರಿ. ದೊಡ್ಡಪ್ಪನಿಗೆ ಹಳತು ಹೊಸತು ಎಂಬ ಭೇದವಿರಲಿಲ್ಲ, ಕಾಸಿನಲ್ಲಿ ಐಬು ಇರಬೇಕು, ಅಷ್ಟೇ. ಗಲ್ಲಾಕ್ಕೆ ಬೀಳುವ ಪ್ರತಿ ಕಾಸನ್ನೂ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಒಂದು ಸುತ್ತು ತಿರುಗಿಸಿಯೇ ಒಳಕ್ಕೆ ಹಾಕುತ್ತಿದ್ದ. ಸಿಂಹ ನೆಟ್ಟಗೆ ನಿಂತಿದ್ದರೆ ಹಿಂಬದಿಯ ಅಂಕಿಯೂ ನೆಟ್ಟಗಿರಬೇಕು. ಅಂಕಿ ಓರೆಯಾಗಿ ನಿಂತಿತೋ, "ಬಂದ ನೋಡ್ಲಾ ಕುಡುಕ!" ಎಂದು ಕೂಗಿ ಅದನ್ನು ಈ ಚಹಾಪುಡಿ ಡಬ್ಬಿಗೆ ಹಾಕುತ್ತಿದ್ದ. ಅಚ್ಚು ಜರುಗಿ ಅರ್ಧ ಚಂದ್ರನಂತೆ ಮೂಡಿದ್ದು, ಅಕ್ಷರ ಎರಡೆರಡಾಗಿ ಕಾಣುವುದು, ಅಚ್ಚೊತ್ತುವ ಮೊದಲು ಲೋಹದ ಬಿಲ್ಲೆ ಕತ್ತರಿಸುವಾಗಲೇ ಅಂಚು ಕಚ್ಚಿಹೋದದ್ದು, ಎಲ್ಲಕ್ಕೂ ಅವನದೇ ಹೆಸರುಗಳಿದ್ದವು. ಅಂಚು ಕಚ್ಚಿದ್ದಕ್ಕೆ ಇಲಿ ಎನ್ನುತ್ತಿದ್ದ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಒಳಗಿಂದ ದೊಡ್ಡವ್ವ, "ಅಲ್ಲಿ ಟಂಕಸಾಲೆಯೋರ್ ತಪ್ಪು ಉಡುಕಿ, ಇಲ್ಲಿ ಆಲು ಉಕ್ಸಿ. ಇದ್ಯಾರ್ ತಪ್ಪು ಅನ್ನದು?" ಎಂದು ಬಯ್ಯುತ್ತ ಓಡಿಬರುತ್ತಿದ್ದಳು.

ಐಬು ಇದ್ದ ಮಾತ್ರಕ್ಕೆ ಅದು ಟಂಕಸಾಲೆಯ ತಪ್ಪಾಗುವುದಿಲ್ಲ. ಇದೇ ಆ ವಿದ್ಯೆಯ ಗುಟ್ಟು. ಟಾರು ರಸ್ತೆಗೆ ಅಂಟಿ ಬಸ್ಸಿನ ಚಕ್ರಕ್ಕೆ ಸಿಕ್ಕಿದ ಕಾಸೂ ವಿಚಿತ್ರವಾಗಿಯೇ ಕಾಣುತ್ತದೆ, ಒಲೆಯಲ್ಲಿ ಬಿದ್ದದ್ದೂ, ಅಕ್ಕಸಾಲಿಗರ ಸುತ್ತಿಗೆ ತಿಂದದ್ದೂ. ಯಾರಾದರೂ ಕಾಸು ತಂದು ಮುಂದಿಟ್ಟರೆ ದೊಡ್ಡಪ್ಪ ಕೇಳುತ್ತಿದ್ದದ್ದು ಒಂದೇ ಮಾತು: "ಇದು ಉಟ್ಟಿದ್ದಾ, ಆದದ್ದಾ?" ಟಂಕಸಾಲೆಯಿಂದ ಬರುವಾಗಲೇ ಹುಟ್ಟಿಕೊಂಡು ಬಂದ ದೋಷವೋ, ಆಮೇಲೆ ಲೋಕದಲ್ಲಿ ತಿರುಗಾಡುವಾಗ ಆದ ಗಾಯವೋ ಎಂದು ಅದರರ್ಥ. ಅದನ್ನು ಕಂಡುಹಿಡಿಯುವ ಬಗೆಯನ್ನು ನಾನು ಕಾಲೇಜು ಓದುವಾಗ ರಜೆಯಲ್ಲಿ ಹೋದಾಗಲೆಲ್ಲ ನನಗೆ ಹೇಳಿಕೊಡುತ್ತಿದ್ದ. "ಅಚ್ಚು ಬಿರಿದಿದ್ರೆ ಕಾಸಿನ್ ಮ್ಯಾಲೆ ಗೆರೆ ಉಬ್ಬಿರ್ತದೆ ಕಣ್ಲಾ, ಆ ಬಿರುಕಿಗೆ ಲೋಹ ತುಂಬ್ಕಂಡಿರ್ತದಲ್ಲ. ಆಮೇಲೆ ಗೀರಿದ್ರೆ ತಗ್ಗಿರ್ತದೆ. ಕಣ್ಣು ಮುಚ್ಕಂಡು ಉಗುರು ಆಡ್ಸು, ಗೊತ್ತಾಯ್ತದೆ." ನನಗೆ ಉಗುರಾಡಿಸಿದರೆ ಗೊತ್ತಾಗುತ್ತಿದ್ದದ್ದು ನನ್ನ ಉಗುರು ಕತ್ತರಿಸಬೇಕೆಂಬುದು ಮಾತ್ರ. ಆದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ, ಏಕೆಂದರೆ ಪಾಠ ಮುಗಿದ ಮೇಲೆ ಮಸಾಲೆ ವಡೆ ಬರುತ್ತಿತ್ತು.

ಈ ಹುಚ್ಚಿಗೆ ಮೂಲ ಒಂದು ಕಾಲಾಣೆ. ಡಬ್ಬಿಯ ತಳದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಾಮ್ರದ ಹಳೇ ಕಾಲಾಣೆ. ಒಂದು ಮಗ್ಗುಲಲ್ಲಿ ಬಿಳಿಯರ ರಾಜನ ತಲೆ, ಗಡ್ಡದ ಕೂದಲು ಎಣಿಸುವಷ್ಟು ಸ್ಪಷ್ಟ. ಇನ್ನೊಂದು ಮಗ್ಗುಲು, ಬೆಲೆ ಬರೆದಿರಬೇಕಾದ ಮಗ್ಗುಲು, ಪೂರಾ ಬೋಳು. ಅಕ್ಷರವಿಲ್ಲ, ಬಳ್ಳಿಯಿಲ್ಲ, ಏನೆಂದರೆ ಏನೂ ಇಲ್ಲ, ನುಣ್ಣಗೆ ಹುಣಸೆಬೀಜದಂತೆ. ಅದು ಸಿಕ್ಕ ಕಥೆಯನ್ನು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಹೋಟೆಲ್ ಶುರುಮಾಡಿದ ಹೊಸತು, ಒಂದು ಅಮಾವಾಸ್ಯೆ, ಕಾಲಿಡಲು ಜಾಗವಿಲ್ಲದಷ್ಟು ಜನ. ದೊಡ್ಡವ್ವ ಜಗಲಿಯ ಮೇಲಿನ ಲೋಟಗಳನ್ನೂ ಲೋಟದ ಪಕ್ಕ ಇಟ್ಟ ಚಿಲ್ಲರೆಯನ್ನೂ ಬಳಿದು ಸೆರಗಿಗೆ ಹಾಕಿಕೊಂಡು ಬಂದು ಗಲ್ಲಾಕ್ಕೆ ಸುರಿಯುತ್ತಿದ್ದಳಂತೆ. ಪರಿಸೆ ಕರಗಿದ ಮೇಲೆ ನೋಡಿದರೆ ಅದರೊಳಗೆ ಈ ಕಾಸು. "ಯಾವ ಪುಣ್ಯಾತ್ಮ ಚಲಾವಣೆ ಇಲ್ದಿರೋ ಕಾಸು ಕೊಟ್ಟು ಟೀ ಕುಡ್ದೋದ್ನಪ್ಪಾ ಅಂತ ಉರ್ದೋಯ್ತು. ಆಮೇಲೆ ತಿರ್ಗುಸ್ ನೋಡ್ತೀನಿ, ಬೋಳು!" ಬಂದ ಗಿರಾಕಿಯೊಬ್ಬರು, ಟಂಕಸಾಲೆಯಲ್ಲೂ ತಪ್ಪಾಗುತ್ತದೆ, ಒಂದೇ ಮಗ್ಗುಲು ಅಚ್ಚಾದ ಕಾಸುಗಳೂ ಇರುತ್ತವೆ ಎಂದು ಹೇಳಿದರು. ಅಲ್ಲಿಂದ ಹಿಡಿಯಿತು.

"ಎರಡು ಬಿಲ್ಲೆ ಒಂದ್ರ ಮ್ಯಾಲೊಂದು ಬಿದ್ಬುಟ್ರೆ ಇಂಗಾಯ್ತದೆ" ಎಂದು ವಿವರಿಸುತ್ತಿದ್ದ. "ಮ್ಯಾಲ್ನದಕ್ಕೆ ಮ್ಯಾಲಿನ ಅಚ್ಚು ಮಾತ್ರ, ಕೆಳಗಿನದಕ್ಕೆ ಕೆಳಗಿನ್ ಅಚ್ಚು ಮಾತ್ರ. ಅಂಗಂದ್ರೆ ಇದರ ಜೋಡಿ ಎಲ್ಲೋ ಒಂದು ಕಡೆ ಅದೆ ಕಣ್ಲಾ. ಬರೀ ಅಕ್ಷರ ಇರೋದು, ರಾಜ ಇಲ್ದಿರೋದು. ಒಡಹುಟ್ದೋವು, ಪಾಪ. ಒಂದ್ ದಿವ್ಸ ಈ ಗಲ್ಲಾಕ್ಕೇ ಬರ್ತದೆ ನೋಡ್ತಿರು." ಆ ಜೋಡಿಗಾಗಿಯೇ ಅವನು ಅಷ್ಟು ವರ್ಷ ಪ್ರತಿ ಕಾಸನ್ನೂ ತಿರುಗಿಸಿದ್ದು. ರಾಜನ ಕಿವಿಯ ಹತ್ತಿರ ಒಂದು ಗೆರೆಯೂ ಇತ್ತು. ಅದು ಅಚ್ಚಿನ ಬಿರುಕಂತೆ. ಅಂಚಿನಲ್ಲಿ ಎದುರುಬದುರಾಗಿ ಎರಡು ಸಣ್ಣ ಒತ್ತು. ಅದು ಯಂತ್ರ ಕಚ್ಚಿದ್ದಂತೆ. ಒಂದೇ ಕಾಸಿನಲ್ಲಿ ಮೂರು ತಪ್ಪು ಎಂದು ಬೀಗುತ್ತಿದ್ದ. ಆ ಗೆರೆ ಉಬ್ಬಿತ್ತೋ ತಗ್ಗಿತ್ತೋ ಎಂದು ನಾನೂ ಉಗುರಾಡಿಸಿ ನೋಡಲಿಲ್ಲ. ಗುರುಗಳ ಕಾಸಿಗೆ ಯಾರಾದರೂ ಪರೀಕ್ಷೆ ಇಡುತ್ತಾರೆಯೇ!

ಅದೇ ಅಮಾವಾಸ್ಯೆಯ ಬಗ್ಗೆ ಅವನು ಇನ್ನೊಂದು ಕಥೆಯನ್ನೂ ಹೇಳುತ್ತಿದ್ದ. ಇದನ್ನು ಎಲ್ಲರಿಗೂ ಹೇಳುತ್ತಿರಲಿಲ್ಲ. ಇದು ಅವನ ಅವ್ವನ ಕಥೆ, ನನ್ನ ಅಜ್ಜಿಯದು. ಕಾಮಗೆರೆಯಲ್ಲಿ ನಮ್ಮದು ಹೊಲ ಮನೆ ಇದ್ದ ಕುಟುಂಬ. ಹಿರೀ ಮಗ ಹೊಲದ ಆರಂಬ ಬಿಟ್ಟು ಹೋಟೆಲ್ ಇಡುತ್ತೇನೆ ಎಂದಾಗ ಅಜ್ಜಿ, "ಕಂಡೋರ್ ಎಂಜಲು ಲೋಟ ತೊಳಿಯಕ್ಕೆ ಎತ್ನೇನ್ಲಾ ನಿನ್ನ?" ಎಂದುಬಿಟ್ಟಳು. ದೊಡ್ಡಪ್ಪನ ಮೂಗಿನ ತುದಿಯಲ್ಲೇ ಕೋಪ. "ಇನ್ ಈ ಒಸ್ಲು ದಾಟಿದ್ರೆ ಕೇಳು" ಎಂದು ಉಟ್ಟ ಪಂಚೆಯಲ್ಲಿ ಎದ್ದು ನಡೆದ. ಪಾಲು ಕೊಡುತ್ತೇವೆಂದರೂ ಬೇಡವೆಂದ. ನನ್ನಪ್ಪ ಕೌದಳ್ಳಿಗೆ ಹೋಗಿಬರುತ್ತಿದ್ದ, ನಾವೂ ಹೋಗುತ್ತಿದ್ದೆವು, ತಾಯಿ ಮಗನ ನಡುವೆ ಮಾತ್ರ ಮಾತಿಲ್ಲ. ಆ ಅಮಾವಾಸ್ಯೆ ಊರವರ ಜತೆ ಬೆಟ್ಟಕ್ಕೆ ಹೊರಟ ಅಜ್ಜಿ ಇವನ ಜಗಲಿಯ ಮೇಲೆ ಬಂದು ಕುಳಿತಳಂತೆ. ದೊಡ್ಡಪ್ಪ ಒಲೆಯ ಮುಂದಿನಿಂದಲೇ ನೋಡಿದ. ಅವಳೂ ನೋಡಿದಳು. ಇವನು ದೊಡ್ಡವ್ವನ ಕೈಯಲ್ಲಿ ಚಹಾ ಕಳಿಸಿದ. ಅಜ್ಜಿ ಕುಡಿದಳು. ಕುಡಿದು, ತೊಟ್ಟಿಯ ಹತ್ತಿರ ಹೋಗಿ, ಲೋಟ ತಾನೇ ತೊಳೆದು, ತಂದು ಜಗಲಿಯ ಮೇಲೆ ಬೋರಲು ಹಾಕಿ, ಹೊರಟುಹೋದಳು. ಒಂದೇ ಒಂದು ಮಾತಿಲ್ಲ.

"ನಾವ್ ತೊಳಿಯದು ಅವಳ್ಗೆ ಅಸಯ್ಯ, ಅದ್ಕೇ ತಾನೇ ತೊಳ್ದಿಟ್ಟೋದ್ಲು" ಎಂದು ದೊಡ್ಡಪ್ಪ ಹಲ್ಲು ಕಡಿಯುತ್ತಿದ್ದ. ಅಜ್ಜಿ ತೀರಿಕೊಂಡಾಗಲೂ ಅವನು ಬಂದು ಜಗಲಿಯ ಕೆಳಗೇ ನಿಂತಿದ್ದ, ಹೊಲದಲ್ಲಿ ಮಣ್ಣು ಹಾಕಿದ, ಕೈ ತೊಳೆದುಕೊಂಡು ಬಸ್ಸು ಹತ್ತಿದ. ಅತ್ತನೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಕಾಸಿನ ಕಥೆ ಹೇಳುವಾಗ ಅರಳುತ್ತಿದ್ದ ಅದೇ ಮುಖ ಈ ಕಥೆ ಹೇಳುವಾಗ ಕಪ್ಪಿಡುತ್ತಿತ್ತು. ಎರಡೂ ಒಂದೇ ಹಗಲಿನ ಕಥೆ. ಎರಡನ್ನೂ ಬೇಸರ ಬರುವಷ್ಟು ಸಲ ಕೇಳಿದ್ದ ನಾನು, ಓದಿದವನು, ಲೈಬ್ರರಿಯವನು, ಒಂದರ ಪಕ್ಕ ಒಂದನ್ನು ಇಟ್ಟು ನೋಡಬೇಕೆಂದು ಒಮ್ಮೆಯೂ ಅಂದುಕೊಳ್ಳಲಿಲ್ಲ.

ಹೀಗಿರುವಾಗ ಕೊಳ್ಳೇಗಾಲದ ಕಲ್ಯಾಣ ಮಂಟಪವೊಂದರಲ್ಲಿ ಹಳೇ ನಾಣ್ಯಗಳ ಪ್ರದರ್ಶನ ಬಂತು. ಅಷ್ಟು ಹೊತ್ತಿಗೆ ದೊಡ್ಡಪ್ಪನಿಗೆ ವಯಸ್ಸಾಗಿತ್ತು, ಹೋಟೆಲ್ ಮುಚ್ಚಿತ್ತು. ನಾನೇ ಫೋನು ಮಾಡಿ ತಿಳಿಸಿದೆ. ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಡಬ್ಬಿ. ಗಂಡು ನೋಡಲು ಬಂದವರ ಮುಂದೆ ಹೋಗುವ ಹುಡುಗನಿಗೂ ಅಷ್ಟು ಸಡಗರ ಇರಲಾರದು. ಅವನಿಗಿದ್ದದ್ದು ಒಂದೇ ಆಸೆ. ಮಾರುವುದಲ್ಲ, ಯಾರು ಎಷ್ಟು ಕೊಟ್ಟರೂ ಮಾರುತ್ತಿರಲಿಲ್ಲ. ಆ ಗಾಜಿನ ಪೆಟ್ಟಿಗೆಯೊಳಗೆ ಸಂಜೆಯವರೆಗಾದರೂ ತನ್ನ ಕಾಲಾಣೆ ಕೂರಬೇಕು, ಕೆಳಗೆ ಚೀಟಿಯಲ್ಲಿ "ಟಂಕಸಾಲೆಯ ತಪ್ಪು, ಕೌದಳ್ಳಿ ಪುಟ್ಟಮಾದಪ್ಪ" ಎಂದು ಬರೆದಿರಬೇಕು. "ಲೋಟ ತೊಳ್ಯೋನು ಅಂದ್ರಲ್ಲ, ನೋಡ್ಲಿ" ಎಂದ. ಯಾರು ನೋಡಲಿ ಎಂದು ನಾನು ಕೇಳಲಿಲ್ಲ. ಅಂದವಳು ಮಣ್ಣಾಗಿ ಬಹಳ ಕಾಲವಾಗಿತ್ತು.

ಮೈಸೂರಿನಿಂದ ಬಂದಿದ್ದ ತರುಣನೊಬ್ಬ ಅಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ. ಒಳ್ಳೆಯ ಹುಡುಗ, ಮರ್ಯಾದೆಯಿಂದ ಕುರ್ಚಿ ಕೊಟ್ಟ. ಕಾಸನ್ನು ಕೈಗವಸು ಹಾಕಿದ ಕೈಯಲ್ಲಿ ತೆಗೆದುಕೊಂಡು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಪುಟ್ಟ ತಕ್ಕಡಿಯ ಮೇಲಿಟ್ಟ. ತನ್ನ ಬಳಿಯಿದ್ದ ಅದೇ ಜಾತಿಯ ಕಾಲಾಣೆಯೊಂದನ್ನೂ ಇಟ್ಟು ನೋಡಿದ.

"ಯಜಮಾನ್ರೇ, ಅಚ್ಚು ಬೀಳದೆ ಹೋಗಿದ್ರೆ ಅಕ್ಷರ ಹೋಗುತ್ತೆ, ತೂಕ ಹೋಗಲ್ಲ. ಇದರಲ್ಲಿ ತೂಕವೇ ಹೋಗಿದೆ" ಎಂದ. ಅಂಚಿನ ಎರಡು ಒತ್ತುಗಳನ್ನು ತೋರಿಸಿ, "ಇವು ಮೊಳೆ ಬಾಗಿಸಿ ಹಿಡಿದ ಗುರುತು. ಯಾವುದೋ ಮನೆ ಹೊಸ್ತಿಲಲ್ಲಿ ಇದ್ದ ಕಾಸು ಇದು. ರಾಜನ ಮುಖ ಮರದ ಕಡೆ ಇತ್ತು, ಉಳ್ಕೊಂಡಿದೆ. ಮೇಲಿನ ಮಗ್ಗುಲನ್ನ ಜನ ತುಳಿದೂ ತುಳಿದೂ ಸವೆಸಿದ್ದಾರೆ" ಎಂದ. ಕಿವಿಯ ಹತ್ತಿರದ ಗೆರೆ ಬಿರುಕಲ್ಲ, ಗೀರು ಎಂದೂ ಹೇಳಿದ. ಪಾಪ, ಮೆತ್ತಗೇ ಹೇಳಿದ. ದೊಡ್ಡಪ್ಪ ಕೈ ಚಾಚಿ ಇಸಿದುಕೊಂಡ. ಕಾಸನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದ. ಎರಡು ಸಲ ಒತ್ತಿದರೂ ಅದು ಕೂರಲಿಲ್ಲ.

ಅಲ್ಲಿಂದ ನಮ್ಮ ಬಾಡಿಗೆ ಮನೆಗೆ ಬಂದೆವು. ಬಾಡಿಗೆ ಮನೆಯ ಹೊಸ್ತಿಲಿಗೆ ಅವನ ಆಣೆ ಅನ್ವಯಿಸುತ್ತಿರಲಿಲ್ಲ, ಸಲೀಸಾಗಿ ಒಳಗೆ ಬರುತ್ತಿದ್ದ. ಬಂದವನೇ ಶುರುಮಾಡಿದ. ತಕ್ಕಡಿ ಸರಿಯಿಲ್ಲ, ಆ ಹುಡುಗನಿಗೆ ಇನ್ನೂ ಮೀಸೆ ಬಲಿತಿಲ್ಲ, ಕೈಗವಸು ಹಾಕ್ಕಂಡೋನಿಗೆ ಕಾಸು ಏನ್ ಗೊತ್ತಾದಾತು, ಹೀಗೆ. ಕೊನೆಗೆ, "ತುಳ್ದು ಸವೆಸವ್ರಂತೆ, ತುಳ್ದು!" ಎಂದು ಕಾಸನ್ನು ಮಂಚದ ಮೇಲೆ ಎಸೆದ. ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟು, "ಒಸ್ಲು ಯಾರ್ ತುಳ್ದಾರು ಬಾವ?" ಎಂದಳು. ಹೌದಲ್ಲ! ಹೊಸ್ತಿಲನ್ನು ದಾಟುತ್ತಾರೆ, ತುಳಿಯುತ್ತಾರೆಯೇ? ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಮೈಸೂರಿನ ಆ ತರುಣ ತಕ್ಕಡಿಯಲ್ಲಿ ಗೆದ್ದು ಇಲ್ಲಿ ಎಡವಿದ್ದ.

ಬಾವನ ಈ ಹುಚ್ಚಿನ ಕಡೆ ಎಂದೂ ಕಣ್ಣು ಹಾಯಿಸದಿದ್ದ ಅವ್ವ ಮೊದಲ ಸಲ ಆ ಕಾಸು ಕೈಗೆ ತೆಗೆದುಕೊಂಡಳು. ಬೋಳು ಮಗ್ಗುಲನ್ನು ಬೆರಳಿಂದ ಸವರಿದಳು. "ಇದು ಕೈಲಿ ಸವ್ದಿರೋದು. ದಿನಾ ಒತ್ತಾರೆ ಉಣ್ಸೇಅಣ್ಣು ಬೂದಿ ಆಕಿ ಉಜ್ಜುದ್ರೆ ಸವೀದೆ ಏನಾಯ್ತದೆ?" ಎಂದಳು. ಆಮೇಲೆ ತಿರುಗಿಸಿದಳು. ರಾಜನ ಕಿವಿಯ ಹತ್ತಿರದ ಗೀರನ್ನು ನೋಡಿದಳು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಬಾವ, ಇದು ನಮ್ಮ್ ಕಾಮಗೆರೆ ಮನೆ ಒಸ್ಲಿಂದಲ್ವಾ?"

ಅವ್ವ ಹೇಳಿದ್ದು ಇಷ್ಟು. ಅವಳು ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಹಳೇ ಹೊಸ್ತಿಲು ಗೆದ್ದಲು ತಿಂದಿತೆಂದು ಬದಲಾಯಿಸಿದರು. ಕಿತ್ತ ಮರವನ್ನು ಒಲೆಗೆ ಹಾಕುವ ಮೊದಲು ಅಜ್ಜಿ ಅದರೊಳಗಿನ ಕಾಸು ಬೇಕೆಂದಳು. ಹಾರೆಯ ಮೊನೆ ಹಾಕಿ ಎಬ್ಬಿದವಳು ನನ್ನವ್ವನೇ. ಹಾರೆ ಜಾರಿ ರಾಜನ ಕಿವಿ ಗೀರಿತು, ಅಜ್ಜಿಯಿಂದ ಬೈಗುಳವೂ ಸಿಕ್ಕಿತು. ಅಜ್ಜಿ ಆ ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಇದು ದೊಡ್ಡೋನ್ ಪಾಲು" ಎಂದಳು. ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟಳು. ಬಂದ ಮೇಲೆ ಸೆರಗಿನಲ್ಲಿ ಗಂಟಿರಲಿಲ್ಲ.

"ಕೊಟ್ರಾ ಅತ್ತೆ ಅಂದೆ. 'ಅವ್ನೂ ಮಾತಾಡ್ನಿಲ್ಲ, ನಾನೂ ಆಡ್ನಿಲ್ಲ. ಲೋಟದ್ ತಾವ್ ಇಟ್ಬುಟ್ಟು ಬಂದಿವ್ನಿ, ಒಸ್ಲು ನೋಡುದ್ಮೇಲೆ ಬತ್ತಾನೆ ಬುಡು' ಅಂದ್ರು. ನಿಮ್ಗೆ ಗೊತ್ತದೆ ಅಂತ್ಲೇ ಅನ್ಕಂಡಿದ್ದೆ ಬಾವ. ಗೊತ್ತಿದ್ದೂ ಬರ್ನಿಲ್ಲ ಅನ್ಕಂಡು ನಾನ್ ಬಾಯ್ಬುಡ್ನಿಲ್ಲ. ಅತ್ತೆ ಪ್ರತೀ ಅಮಾಸೆ ಬಾಗ್ಲು ತಾವ್ ಕೂತ್ಕಳರು."

ಗಂಡಸರಿಗೆ ಹೊಸ್ತಿಲಿನ ಬಗ್ಗೆ ಏನು ಗೊತ್ತಿರುತ್ತದೆ ಹೇಳಿ. ನಾವು ಏಳುವ ಹೊತ್ತಿಗೆ ಹೆಂಗಸರು ಅದನ್ನು ತೊಳೆದು, ಉಜ್ಜಿ, ಅರಿಶಿನ ಬಳಿದು, ವಿಭೂತಿ ಎಳೆದು ಮುಗಿಸಿರುತ್ತಾರೆ. ಕಾಸು ಕ್ಷಣಕಾಲ ಹೊಳೆದು ಅರಿಶಿನದ ಕೆಳಗೆ ಮುಚ್ಚಿಹೋಗಿರುತ್ತದೆ. ನಾವು ದಾಟಿಕೊಂಡು ಹೋಗುತ್ತೇವೆ. ಹುಟ್ಟಿ ಬೆಳೆದ ಮನೆಯ ಹೊಸ್ತಿಲಲ್ಲಿ ಕಾಸೊಂದು ಇದೆ ಎಂಬುದನ್ನು ದೊಡ್ಡಪ್ಪ ನೋಡಿರಲೇ ಇಲ್ಲ. ಅಜ್ಜಿಗೋ, ತಾನು ದಿನವೂ ನೋಡುತ್ತಿದ್ದದ್ದು ಮಗನಿಗೂ ಗೊತ್ತು ಎಂಬ ನಂಬಿಕೆ. ದಾಟುವುದಿಲ್ಲ ಎಂದು ಆಣೆ ಇಟ್ಟ ಹೊಸ್ತಿಲು ಅಷ್ಟು ವರ್ಷವೂ ಅವನ ಚಹಾಪುಡಿ ಡಬ್ಬಿಯಲ್ಲೇ ಇತ್ತು. ಕಾಮಗೆರೆಯಲ್ಲಿ ಇದ್ದದ್ದು ಬೇರೆ ಹೊಸ್ತಿಲು.

ದೊಡ್ಡಪ್ಪ ಕಾಸನ್ನು ಇಸಿದುಕೊಂಡ. ಬೋಳು ಮಗ್ಗುಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಆಮೇಲೆ ಇಡೀ ಅಂಗೈಯಿಂದ ಒತ್ತಿ ಹಿಡಿದ. "ಉಟ್ಟಿದ್ದಲ್ಲ ಕಣ್ಲಾ ಮಗ" ಎಂದ ನನ್ನ ಕಡೆ ನೋಡಿ. "ಆದದ್ದು." ಅಷ್ಟು ಹೇಳಿ, ಇಸ್ತ್ರಿ ಶರ್ಟಿನ ತೋಳಿಗೆ ಮುಖ ಒತ್ತಿಕೊಂಡು ಅಳತೊಡಗಿದ. ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಅವ್ವ ಮಾತ್ರ ಎದ್ದು ಒಲೆಯ ಮೇಲೆ ಚಹಾಕ್ಕಿಟ್ಟಳು.

ಮರುದಿನ ಬೆಳಿಗ್ಗೆ, "ಕಾಮಗೆರೆಗ್ ಓಗದು ನಡಿ" ಎಂದ. ಹೋದೆವು. ಇಂಥ ಗಳಿಗೆಯಲ್ಲಿ ಏನೇನೋ ಆಗುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಇಲ್ಲಿ ಆದದ್ದೇನೆಂದರೆ, ಬಾಗಿಲಿಗೆ ಬೀಗ. ಅಪ್ಪ ತೀರಿಕೊಂಡು ಅವ್ವ ನನ್ನ ಜತೆ ಬಂದ ಮೇಲೆ ಮನೆಯನ್ನು ಅಲ್ಲಿಯ ಆಸ್ಪತ್ರೆಯ ನರ್ಸೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವರು ಡ್ಯೂಟಿಗೆ ಹೋಗಿದ್ದರು. ನಾನು ಫೋನು ಮಾಡುತ್ತೇನೆಂದೆ. "ಬ್ಯಾಡ. ಅವ್ವ ಎಷ್ಟ್ ಕಾಲ ಕಾದ್ಲು, ನಾನ್ ಅರೆಗಳಿಗೆ ಕಾಯಕಾಗಕಿಲ್ವಾ?" ಎಂದು ಜಗಲಿಯ ಮೇಲೆ ಕುಳಿತ. ಬಿಸಿಲು ಜಗಲಿ ಬಿಟ್ಟು ಅಂಗಳಕ್ಕಿಳಿಯುವವರೆಗೂ ಕುಳಿತೇ ಇದ್ದ. ದಾರಿಯಲ್ಲಿ ಹೋಗುವವರು ಯಾರೋ ಔಷಧಿಗೆ ಬಂದ ಮುದುಕ ಎಂದುಕೊಂಡು, "ನರ್ಸಮ್ಮ ಮಧ್ಯಾನುಕ್ಕೆ ಬತ್ತರೆ ಕಣಜ್ಜ" ಎಂದು ಹೇಳಿಹೋದರು.

ಆಕೆ ಬಂದರು. ನನ್ನನ್ನು ನೋಡಿ ಬಾಡಿಗೆ ಏರಿಸಲು ಬಂದಿದ್ದೇನೆಂದು ಮುಖ ಸಣ್ಣ ಮಾಡಿಕೊಂಡರು. ಅಲ್ಲವೆಂದು ತಿಳಿದ ಮೇಲೆ, "ಬನ್ನಿ ಅಜ್ಜ, ಒಳಗ್ ಬನ್ನಿ" ಎಂದರು. ದೊಡ್ಡಪ್ಪ ಬಗ್ಗಿ ಹೊಸ್ತಿಲು ಮುಟ್ಟಿ, ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋದ. ಕಂಬಕ್ಕೆ ಒರಗಿ ಕುಳಿತು, "ಒಂದ್ ಲೋಟ ಟೀ ಕೊಡ್ತೀಯವ್ವಾ?" ಎಂದು ಕೇಳಿದ. ಕೊಟ್ಟರು. ನಿಧಾನವಾಗಿ ಕುಡಿದ. ಆಮೇಲೆ ಎದ್ದು, ಬಚ್ಚಲಿಗೆ ಹೋಗಿ, ಲೋಟ ತೊಳೆದ. ನರ್ಸಮ್ಮ ಗಾಬರಿಯಾಗಿ, "ಅಯ್ಯೋ, ನೀವ್ಯಾಕಜ್ಜ ತೊಳೀತೀರಿ?" ಎಂದು ಓಡಿಬಂದರು. "ತೊಳೀಬೇಕು ಕಣವ್ವ" ಎಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದ. ಅಸಹ್ಯಪಟ್ಟು ತೊಳೆಯುವ ಕೈ ಬೇರೆ, ಇನ್ನೇನೂ ಹೇಳಲು ಬಾರದೆ ತೊಳೆಯುವ ಕೈ ಬೇರೆ. ಅಜ್ಜಿಯ ಕೈ ಯಾವುದಾಗಿತ್ತು ಎಂಬುದು ಅವನಿಗೆ ಆಗ ತಿಳಿದಿರಬೇಕು. ನನಗಂತೂ ಆಗಲೇ ತಿಳಿದದ್ದು.

ಬಸ್ಸಿಗೆ ಕಾಯುವಾಗ, "ಜೋಡಿ ಉಡುಕ್ತಿದ್ದೆ ನೋಡು ದಡ್ಡ ನನ್ಮಗ" ಎಂದು ತನ್ನನ್ನೇ ಬೈದುಕೊಂಡ. "ಆ ಅಕ್ಷರ ಎಲ್ಲ ಅವ್ವನ ಅಂಗೈಗೆ ಓಗಿದ್ದೊ." ಆ ಕಾಲಾಣೆಯನ್ನು ಡಬ್ಬಿ ಸಮೇತ ನನ್ನ ಕೈಗೆ ಹಾಕಿ, "ಮನೆ ಅಂತ ಕಟ್ಟುದ್ರೆ ಒಸ್ಲಿಗೆ ಆಕಿಸ್ಲಾ" ಎಂದ. ನನಗೆ ಮನೆ ಕಟ್ಟುವ ಅಂದಾಜು ಆಗ ಇರಲಿಲ್ಲ. ಕಟ್ಟುವ ಹೊತ್ತಿಗೆ ಅವನಿರಲಿಲ್ಲ.

ಡಬ್ಬಿ ಇನ್ನೂ ತೊಡೆಯ ಮೇಲಿದ್ದಂತೆಯೇ ಫೋನು ಹೊಡೆದುಕೊಂಡಿತು. ಆಚಾರ್ರು. "ಸಾ, ಕಾಸು ತರಕೋದ್ರೋ ಅಚ್ಚಾಕ್ಸಕೋದ್ರೋ?" ಎಂದರು. ಡಬ್ಬಿ ಮುಚ್ಚಿ, ಕಾಸನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಓಡಿದೆ.

ಆಚಾರ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದ್ ಮಗ್ಲು ಬೋಳಾಗ್ಬುಟ್ಟದಲ್ಲ ಸಾ, ಟಂಕಸಾಲೆಯೋರ್ ಅಚ್ಚಾಕದ್ ಮರ್ತವ್ರಾ?" ಎಂದರು. ನಗು ಬಂತು. "ಯಾವ ಮಗ್ಲು ಮ್ಯಾಲೆ ಮಾಡ್ಲಿ?" ಎಂದು ಕೇಳಿದರು. ನಾನು ಅವ್ವನ ಕಡೆ ನೋಡಿದೆ. ಅವಳು, "ನಿನ್ ಮನೆ, ನೀನೇ ಯೋಳು" ಎಂದಳು. ಬೋಳು ಮಗ್ಗುಲು ಮೇಲಿರಲಿ, ಅಜ್ಜಿ ಎಲ್ಲರ ಕಣ್ಣಿಗೂ ಬೀಳಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ. ಆದರೆ ಮೇಲಿದ್ದದ್ದು ಸವೆಯುತ್ತದೆ. ಅವಳ ಕೈ ಉಳಿಸಿಟ್ಟುಹೋದದ್ದು ಅಷ್ಟೇ, ಅದರ ಮೇಲೆ ಇನ್ನು ಯಾರ ಕೈಯೂ ಆಡುವುದು ಬೇಡವೆನ್ನಿಸಿತು. "ರಾಜ ಮೇಲಿರಲಿ ಆಚಾರ್ರೇ. ಬೋಳು ಮರದ ಕಡೆಗಿರಲಿ" ಎಂದೆ. ಅವರು ಕಾಸು ಕೂರಿಸಿ, ಎದುರುಬದುರು ಎರಡು ಮೊಳೆ ಹೊಡೆದು ಬಾಗಿಸಿದರು. ಹಳೆಯ ಒತ್ತುಗಳಿಗೆ ಹೊಸ ಮೊಳೆ ಸರಿಯಾಗಿ ಕೂತಿತು.

ಇವತ್ತು ಬೆಳಿಗ್ಗೆ ಯಾರೂ ಏಳುವ ಮೊದಲೇ ಎದ್ದು ಹೊಸ ಮನೆಗೆ ಹೋದೆ. ಚೊಂಬಿನಲ್ಲಿ ನೀರು, ಹುಣಸೆಹಣ್ಣು, ಚೂರು ಬೂದಿ. ನಮ್ಮ ವಂಶದ ಗಂಡಸೊಬ್ಬ ಹೊಸ್ತಿಲು ತೊಳೆಯಲು ಕುಳಿತದ್ದು ಇದೇ ಮೊದಲಿರಬೇಕು. ಸೊಂಟ ಹಿಡಿಯಿತು, ನೀರೆಲ್ಲ ಪಂಚೆಗೆ ಚೆಲ್ಲಿಕೊಂಡೆ, ಅಂಗೈ ಉರಿಯಿತು. ರಾಜನ ಗಡ್ಡದ ಒಂದು ಕೂದಲೂ ಅಲುಗಲಿಲ್ಲ. ಅವನನ್ನು ಬೋಳು ಮಾಡಲು ನನ್ನ ಒಂದು ಜನ್ಮ ಸಾಲದು. ಇರಲಿ, ನಾಳೆ ಮತ್ತೆ ಉಜ್ಜುತ್ತೇನೆ.